ಮಂಗಳಾರತಿ ಗಂಟೆ ಮತ್ತು ಮೂರು ಉಸಿರು

ನಿಮ್ಮ ಮನೆಯಲ್ಲಿ ದೇವರ ಗಂಟೆ ಬಾರಿಸಿದಾಗ ನೀವು ಏನು ಮಾಡುತ್ತೀರೋ ನನಗೆ ಗೊತ್ತಿಲ್ಲ. ಕೈಮುಗಿಯುತ್ತೀರಿ, ಇಲ್ಲವೇ ಪೇಪರಿನ ಪುಟ ಮಗುಚುತ್ತೀರಿ. ನಾನು ಮಾತ್ರ ಇದ್ದಲ್ಲೇ ನಿಂತುಬಿಡುತ್ತೇನೆ. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಮೂರು ಸಲ ಉಸಿರೆಳೆದು ಬಿಟ್ಟ ಮೇಲೆಯೇ ನಾನು ಮತ್ತೆ ಈ ಲೋಕಕ್ಕೆ ಬರುವುದು. ಮೊನ್ನೆ ಬಾಗಿಲಲ್ಲಿ ಗ್ಯಾಸಿನವನ ಹತ್ತಿರ ಜಗಳಕ್ಕೆ ನಿಂತಿದ್ದೆ. ಬುಕ್ ಮಾಡಿ ಎಷ್ಟೋ ದಿನವಾದ ಮೇಲೆ ಸಿಲಿಂಡರ್ ಹೊತ್ತು ತಂದಿದ್ದ. ನಾನು ಅವನ ಏಜೆನ್ಸಿಯ ವಂಶಾವಳಿಯನ್ನು ಬಿಡಿಸಲು ಶುರುಮಾಡಿದ್ದೆನಷ್ಟೆ, ಒಳಗೆ ಅಮ್ಮ ಮಂಗಳಾರತಿಗೆ ಗಂಟೆ ಎತ್ತಿದಳು. ನಾನು ತೆರೆದ ಬಾಯಿ ತೆರೆದ ಹಾಗೆಯೇ ಕಣ್ಣು ಮುಚ್ಚಿದೆ. ಅವನು ಗಾಬರಿಯಾಗಿ, "ಅಜ್ಜೀ, ಸಾರ್‌ಗೆ ಏನೋ ಆಗೋಯ್ತು, ಬೇಗ ಬನ್ನಿ" ಎಂದು ಕೂಗಿದ. ಅಮ್ಮ ದೇವರ ಮನೆಯಿಂದಲೇ, "ಏನೂ ಆಗಿಲ್ಲಪ್ಪಾ, ಈಗ ಸರಿಹೋಗ್ತಾನೆ. ನೀನು ಸಿಲಿಂಡರ್ ಒಳಗಿಡು" ಎಂದಳು.

ಇದನ್ನು ಭಕ್ತಿ ಎಂದು ತಿಳಿಯಬೇಡಿ. ಭಕ್ತಿಯ ವಿಷಯದಲ್ಲಿ ನಾನು ಪ್ರಸಾದದ ಹೊತ್ತಿಗೆ ಬರುವ ಪೈಕಿ. ಇದು ತೊಂಬತ್ತರ ದಶಕದ ಕೊನೆಯಲ್ಲಿ ಜೆ.ಪಿ. ನಗರದ ಒಂದು ಶಿಶುವಿಹಾರದಲ್ಲಿ ನನಗೆ ಅಂಟಿಕೊಂಡ ಚಟ. ಅಲ್ಲಿಗೆ ಹೋಗುತ್ತಿದ್ದುದು ನನ್ನ ಮಗಳು. ಅವಳು ಬೆಳೆದು ಅದನ್ನು ಬಿಟ್ಟಳು. ನಾನು ಬೆಳೆಯಲಿಲ್ಲ.

ಗಂಟೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದು ಅಮ್ಮನಿಗೆ ಅವಳ ಅತ್ತೆಯಿಂದ ಬಂದದ್ದು. ಹಿತ್ತಾಳೆಯದು, ಹಿಡಿಯ ತುದಿಯಲ್ಲಿ ಹನುಮಂತ ಕೈಮುಗಿದು ನಿಂತಿದ್ದಾನೆ. ಹುಣಸೆಹಣ್ಣಿನಲ್ಲಿ ಉಜ್ಜಿ ಉಜ್ಜಿ ಅವನ ಮೂಗು ಸವೆದುಹೋಗಿದೆ. ನಾವು ಹನುಮಂತನಗರದಲ್ಲಿದ್ದ ಕಾಲದಲ್ಲಿ ಈ ಗಂಟೆಗೆ ಇದ್ದ ಅರ್ಥ ಒಂದೇ, ಅದು ತಿಂಡಿ. ಅಪ್ಪನ ಪೂಜೆ ಮುಗಿಯದೆ ತಟ್ಟೆ ಇಡುತ್ತಿರಲಿಲ್ಲ. ಅಪ್ಪ ಮಂತ್ರ ಹೇಳುತ್ತಿದ್ದರೆ ನಾನೂ ನನ್ನ ಅಣ್ಣನೂ ಅಡುಗೆಮನೆಯ ಹೊಸ್ತಿಲಲ್ಲಿ ಕಿವಿ ನಿಮಿರಿಸಿ ಕೂತಿರುತ್ತಿದ್ದೆವು. ಗಂಟೆಯ ಮೊದಲ ಸದ್ದಿಗೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಹಾಗೆ ನೋಡಿದರೆ ನಾನು ಹುಟ್ಟಿನಿಂದಲೇ ಗಂಟೆಯ ಗುಲಾಮ.

ನನ್ನ ಅಪ್ಪ ಅಮ್ಮ ನನ್ನನ್ನು ಬೆಳೆಸಿದರು ಎಂದು ನಾನು ಹೇಳಬಹುದು, ಆದರೆ ಹಾಗೊಂದು ಕೆಲಸ ನಡೆಯುತ್ತಿದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅಪ್ಪ ಪೇಪರಿನ ಮೇಲಂಚಿನಿಂದ ಒಂದು ಸಲ ನೋಡಿದರೆ ನಾನು ಮಾಡುತ್ತಿದ್ದುದನ್ನು ಬಿಡುತ್ತಿದ್ದೆ. ಎರಡನೇ ಸಲ ನೋಡಿದರೆ ನಾಳೆ ಮಾಡಬೇಕೆಂದಿದ್ದುದನ್ನೂ ಬಿಡುತ್ತಿದ್ದೆ. ಶಾಲೆಗೆ ಸೇರಿಸಲು ಅಪ್ಪ ಕೈಹಿಡಿದು ಕರೆದುಕೊಂಡು ಹೋದಾಗ ಹೆಡ್‌ಮೇಷ್ಟ್ರು ವಯಸ್ಸು ನೋಡಲು, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎಂದರು. ಮುಟ್ಟಿತು. "ಸರಿ, ಕೂರಿಸಿ ಹೋಗಿ" ಎಂದರು. ನನ್ನ ಹೆಸರನ್ನೂ ಅವರು ಅಪ್ಪನನ್ನೇ ಕೇಳಿ ಬರೆದುಕೊಂಡರು. ಮಗುವಿಗೆ ಮಾತು ಬರುತ್ತದೋ ಇಲ್ಲವೋ ಎಂದು ನೋಡುವ ಪದ್ಧತಿಯೇ ಆಗ ಇರಲಿಲ್ಲ. ಮಾತು ಬಾರದಿದ್ದರೆ ಮೇಷ್ಟ್ರಿಗೆ ಇನ್ನೂ ಒಳ್ಳೆಯದೇ ಆಗಿತ್ತು.

ನನ್ನ ಮಗಳು ಚಾರುಲತಾಗೆ ಬಂದ ತೊಂದರೆ ಅದೇ. ಅವಳು ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಅಮ್ಮನ ಸೆರಗು ಹಿಡಿದುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಒಗ್ಗರಣೆ ಸಿಡಿಯುವ ಹಾಗೆ ಮಾತಾಡುತ್ತಿದ್ದಳು. ಆದರೆ ಜಯನಗರದ ನಮ್ಮ ಮನೆಯ ಗೇಟು ದಾಟಿದ ಕೂಡಲೇ ತುಟಿ ಹೊಲಿದಂತೆ ಆಗಿಬಿಡುತ್ತಿತ್ತು. ಹೊರಗಿನವರ ಮುಂದೆ ಒಂದಕ್ಷರ ಇಲ್ಲ. ಹೆಸರು ಕೇಳಿದರೂ ಇಲ್ಲ, ಚಾಕೊಲೇಟು ಕೊಟ್ಟರೂ ಇಲ್ಲ. ನಮ್ಮ ಬಡಾವಣೆಯ ಒಂದು ದೊಡ್ಡ ಶಾಲೆಯಲ್ಲಿ ಎಲ್‌ಕೆಜಿಗೆ ಸೇರಿಸಿದ್ದೆವು. ಒಂದು ಟರ್ಮ್ ಮುಗಿಯುವುದರೊಳಗೆ ಮಿಸ್ ಕರೆಸಿ, "ನಿಮ್ಮ ಮಗು ಬಾಯೇ ಬಿಡಲ್ಲ ಸಾರ್. ಇಲ್ಲಿ ಇಷ್ಟು ಜನ ಮಕ್ಕಳಿದಾರೆ, ನಮಗೆ ಕಷ್ಟ ಆಗುತ್ತೆ" ಎಂದರು. ಮಕ್ಕಳು ಮಾತಾಡಿದರೆ ಕಷ್ಟ ಎನ್ನುವವರನ್ನು ನಾನು ಕಂಡಿದ್ದೆ. ಇವರು ಹೊಸ ಥರ.

ಡಾಕ್ಟರ ಹತ್ತಿರ ಹೋದೆವು. ಅವರು ಟಾರ್ಚು ಹಾಕಿ ಗಂಟಲು ನೋಡಿ, "ಏನ್ ಪುಟ್ಟಾ ನಿನ್ ಹೆಸರು?" ಎಂದು ಕೇಳಿದರು.

"ಚಾರುಲತಾ ಅಂತ ಡಾಕ್ಟ್ರೇ" ಎಂದೆ ನಾನು.

"ಊಟ ಚೆನ್ನಾಗಿ ಮಾಡ್ತೀಯಾ?"

"ಊಟ ಪರವಾಗಿಲ್ಲ ಡಾಕ್ಟ್ರೇ, ತರಕಾರಿ ಮಾತ್ರ ಎತ್ತಿಡ್ತಾಳೆ" ಎಂದಳು ನನ್ನ ಹೆಂಡತಿ ಸುಧಾ.

ಡಾಕ್ಟರು ಒಂದು ಟಾನಿಕ್ ಬರೆದುಕೊಟ್ಟರು. ಅದನ್ನು ಕುಡಿದು ಚಾರುವಿಗೆ ಹಸಿವು ಹೆಚ್ಚಾಯಿತು, ಮಾತು ಹೆಚ್ಚಾಗಲಿಲ್ಲ. ಸುಧಾಳಿಗೆ ಆ ದಿನಗಳಲ್ಲಿ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ನಾನು ಕೆಲಸ ಮಾಡುತ್ತಿದ್ದ ಬ್ಯಾಂಕಿಗೆ ಯಾರಾದರೂ ತಮ್ಮ ಮಗುವನ್ನು ಕರೆದುಕೊಂಡು ಬಂದು, ಅದು ಕೌಂಟರಿನ ಆಚೆಯಿಂದ "ಅಂಕಲ್" ಎಂದರೆ ಎಣಿಸುತ್ತಿದ್ದ ನೋಟಿನ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ.

ಹೀಗಿದ್ದಾಗ ಸುಧಾ ಪಾಠ ಹೇಳುವ ಕಾಲೇಜಿನ ಸಹೋದ್ಯೋಗಿ ಒಬ್ಬರು ಜೆ.ಪಿ. ನಗರದ ಈ ಶಿಶುವಿಹಾರದ ಸುದ್ದಿ ತಂದರು. ಅದಕ್ಕೊಂದು ಮರದ ಹೆಸರಿತ್ತು. ಯಾವ ಮರ ಎಂದು ಹೇಳಲಾರೆ, ಆ ಕಾಲಕ್ಕೆ ದಕ್ಷಿಣ ಬೆಂಗಳೂರಿನಲ್ಲಿ ಇಂಥ ಶಾಲೆಗಳೆಲ್ಲ ಒಂದೊಂದು ಮರವನ್ನು ಹಿಡಿದುಕೊಂಡಿದ್ದವು. ಬಾಡಿಗೆ ಮನೆ, ಹಿಂದೆ ಮಾವಿನ ಮರ, ಕೆಂಪು ನೆಲ. ಬೋರ್ಡಿಲ್ಲ, ಬೆಂಚಿಲ್ಲ, ಯೂನಿಫಾರಂ ಇಲ್ಲ. ಮಕ್ಕಳು ಬೆಳಿಗ್ಗೆ ಬಂದು ಬಟಾಣಿ ಬಿಡಿಸುತ್ತಿದ್ದರು, ಚೊಂಬಿನಿಂದ ಲೋಟಕ್ಕೆ ನೀರು ಸುರಿಯುತ್ತಿದ್ದರು, ಗಿಡಕ್ಕೆ ಹಾಕುತ್ತಿದ್ದರು. ಅಮ್ಮ ಇದನ್ನು ಕೇಳಿ, "ಇದನ್ನ ನಮ್ಮನೇಲೇ ಮಾಡ್ಬಹುದಿತ್ತಲ್ಲೋ, ನಂಗೂ ಸಹಾಯ ಆಗ್ತಿತ್ತು" ಎಂದಳು.

ಶಾಲೆ ನಡೆಸುತ್ತಿದ್ದವರು ಉಷಾ ಅಕ್ಕ. ಅಲ್ಲಿ ಮಿಸ್ ಇಲ್ಲ, ಮೇಡಂ ಇಲ್ಲ, ಮಕ್ಕಳಿಗೂ ಅಪ್ಪಂದಿರಿಗೂ ಅವರು ಅಕ್ಕನೇ. ಕೈಮಗ್ಗದ ಸೀರೆ, ಬೆಳ್ಳಗಾದ ಕೂದಲು, ಎಷ್ಟು ಮೆಲ್ಲಗೆ ಮಾತಾಡುತ್ತಿದ್ದರೆಂದರೆ ಅವರ ಮುಂದೆ ಕೂತವರೆಲ್ಲ ಮುಂದಕ್ಕೆ ಬಾಗಿ ಬಾಗಿ ಸೊಂಟ ಹಿಡಿಸಿಕೊಳ್ಳುತ್ತಿದ್ದರು. ಮೊದಲ ದಿನ ಚಾರುವಿನ ಎದುರು ನೆಲದ ಮೇಲೆ ಕೂತು, "ನಿನಗೆ ಏನು ಇಷ್ಟ ಕಂದಾ?" ಎಂದರು. ಸುಧಾ, "ಅವಳಿಗೆ ಬೆಕ್ಕು ಅಂದ್ರೆ ಪ್ರಾಣ ಅಕ್ಕಾ" ಎಂದಳು. ನಾನು, "ಸ್ವಲ್ಪ ಸಂಕೋಚ ಜಾಸ್ತಿ" ಎಂದು ಸೇರಿಸಿದೆ. ಅಕ್ಕ ನಮ್ಮಿಬ್ಬರನ್ನೂ ನೋಡಿ ನಕ್ಕು, ಪಕ್ಕದಲ್ಲಿದ್ದ ಒಂದು ಸಣ್ಣ ಗಂಟೆಯನ್ನು ಎತ್ತಿ ಒಂದೇ ಸಲ ಅಲ್ಲಾಡಿಸಿದರು. ಮನೆಯಲ್ಲಿದ್ದ ಮಕ್ಕಳೆಲ್ಲ ಇದ್ದಲ್ಲೇ ನಿಂತರು. ಕಣ್ಣು ಮುಚ್ಚಿದರು. ಮೂರು ಉಸಿರು. ಆಮೇಲೆ ಏನೂ ಆಗದವರಂತೆ ಮತ್ತೆ ಬಟಾಣಿಗೆ ಕೈಹಾಕಿದರು.

ಇದು ಮನೆಯಲ್ಲೂ ನಡೆಯಬೇಕು ಎಂದರು ಅಕ್ಕ. ಗಂಟೆ ಬಾರಿಸಿದಾಗ ಮಗು ಮಾತ್ರವಲ್ಲ, ಮನೆಮಂದಿಯೆಲ್ಲ ನಿಲ್ಲಬೇಕು. ಅದಕ್ಕಾಗಿ ಹೊಸ ಗಂಟೆ ತರಬೇಡಿ, ಮನೆಯಲ್ಲಿ ಮೊದಲಿನಿಂದ ಇರುವಂಥದ್ದನ್ನೇ ಬಳಸಿ, ಮಗುವಿಗೆ ಅದು ತನ್ನದು ಅನ್ನಿಸಬೇಕು ಎಂದೂ ಹೇಳಿದರು. ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದ ಗಂಟೆ ಯಾವುದು ಎಂದು ನಿಮಗೆ ಗೊತ್ತೇ ಇದೆ. ಅಮ್ಮನ ಕೈಯಲ್ಲಿದ್ದ ಗಂಟೆಯನ್ನೇ ಆರಿಸಿದ್ದು ನಮ್ಮಂಥವರು ಮಾತ್ರ ಮಾಡಬಲ್ಲ ತಪ್ಪು.

ಅಮ್ಮ ಒಪ್ಪುವುದಿಲ್ಲ, ಮಡಿ ಮೈಲಿಗೆ ಎಂದು ಕೂಗಾಡುತ್ತಾಳೆ ಎಂದು ನಾವು ಹೆದರಿದ್ದೆವು. ಅವಳು ವಿಷಯವನ್ನು ಪೂರ್ತಿ ಕೇಳಿ, "ಗಂಟೆ ಸದ್ದು ಕೇಳಿದ ತಕ್ಷಣ ಎಲ್ಲ ಕೆಲಸ ಬಿಟ್ಟು ಕಣ್ಣು ಮುಚ್ಚಿ ನಿಂತ್ಕೊಬೇಕು ಅಂತ ಶಾಲೇಲಿ ಹೇಳಿಕೊಡ್ತಾರಾ?" ಎಂದು ಕೇಳಿದಳು. ಹೌದು ಎಂದೆ. ಅವಳ ಮುಖ ಅರಳಿತು. ಪಾಪ, ನಾನು ಎಷ್ಟೋ ವರ್ಷದಿಂದ ಮಂಗಳಾರತಿಗೆ ಬಾರದ ಮಗ. ಅವಳು ದಿನವೂ ಗಂಟೆ ಬಾರಿಸಿ, ಆರತಿ ತಟ್ಟೆಯನ್ನು ಹಿಡಿದುಕೊಂಡು ಬಚ್ಚಲಿನವರೆಗೆ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಳು. "ಒಳ್ಳೇ ಸಂಪ್ರದಾಯಸ್ಥರ ಶಾಲೆ ಕಣೋ ಅದು. ಚಾರೂನ ಅಲ್ಲಿಂದ ಬಿಡಿಸ್ಬೇಡ" ಎಂದಳು. ಉಷಾ ಅಕ್ಕನವರ ಶಾಲೆಯಲ್ಲಿ ದೇವರ ಪಟವೇ ಇರಲಿಲ್ಲ. ನಾವು ಅದನ್ನು ಅಮ್ಮನಿಗೆ ಹೇಳುವ ಗೋಜಿಗೆ ಹೋಗಲಿಲ್ಲ.

ಮಾರನೆಯ ದಿನದಿಂದ ಮನೆಯ ಆಡಳಿತ ಅಮ್ಮನ ಕೈಗೆ ಹೋಯಿತು. ಬೆಳಗಿನ ಮಂಗಳಾರತಿಗೆ ನಾನು ಅರ್ಧ ಶೇವ್ ಆದ ಕೆನ್ನೆಯಲ್ಲಿ ನಿಂತೆ. ಸುಧಾ ಹಾಲಿನ ಮುಂದೆ ನಿಂತಳು, ಹಾಲು ಮಾತ್ರ ನಿಲ್ಲಲಿಲ್ಲ. ಚಾರು ನಮ್ಮಿಬ್ಬರ ನಡುವೆ ಬೆನ್ನು ನೆಟ್ಟಗೆ ಮಾಡಿಕೊಂಡು ಎಷ್ಟು ಗಂಭೀರವಾಗಿ ಉಸಿರಾಡುತ್ತಿದ್ದಳೆಂದರೆ ಉಕ್ಕಿದ ಹಾಲಿನ ಬಗ್ಗೆ ಬಾಯಿಬಿಡುವ ಧೈರ್ಯ ಯಾರಿಗೂ ಆಗಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಅಮ್ಮ ಗಂಟೆಯ ಬೇರೆ ಉಪಯೋಗಗಳನ್ನೂ ಕಂಡುಕೊಂಡಳು. ನಾನೂ ಸುಧಾಳೂ ಏರುದನಿಯಲ್ಲಿ ಮಾತಾಡಿದರೆ ಒಳಗಿನಿಂದ ಗಂಟೆ. ನಾನು ಉಪ್ಪಿಟ್ಟಿನ ಬಗ್ಗೆ ಟೀಕೆ ಶುರುಮಾಡಿದರೆ ಗಂಟೆ. ಅವಳ ಸಂಜೆಯ ಸೀರಿಯಲ್ಲು ಬರುವ ಹೊತ್ತಿಗೆ ನಾನು ಕ್ರಿಕೆಟ್ ನೋಡುತ್ತಿದ್ದರೆ ಗಂಟೆ. ಕಣ್ಣು ತೆರೆಯುವಷ್ಟರಲ್ಲಿ ಚಾನೆಲ್ ಬದಲಾಗಿರುತ್ತಿತ್ತು. ಮಕ್ಕಳಿರುವ ಮನೆಯಲ್ಲಿ ಟಿವಿ ಬೇಡ ಎಂದೂ ಅಕ್ಕ ಹೇಳಿದ್ದರು, ಆ ಭಾಗವನ್ನು ಅಮ್ಮ ತನಗೆ ಸಂಬಂಧವಿಲ್ಲದ್ದೆಂದು ಬಿಟ್ಟುಬಿಟ್ಟಳು.

ಚಾರುವಿಗೆ ಆ ಗಂಟೆ, ಈ ಗಂಟೆ ಎಂಬ ಭೇದವಿರಲಿಲ್ಲ. ಬಾಂಬೆ ಮಿಠಾಯಿಯವನ ಗಂಟೆಗೆ ನಿಲ್ಲುತ್ತಿದ್ದಳು. ಸೈಕಲ್ ಬೆಲ್ಲಿಗೆ ನಿಲ್ಲುತ್ತಿದ್ದಳು, ಅದೂ ಸೈಕಲ್ಲಿಗೆ ಅಡ್ಡವಾಗಿ. ಫೋನು ಬಡಿದುಕೊಂಡರೆ ನನ್ನ ಷರ್ಟು ಹಿಡಿದು ನಿಲ್ಲಿಸುತ್ತಿದ್ದಳು. ನಮ್ಮ ಮ್ಯಾನೇಜರು ಒಂದು ಸಲ, "ಏನ್ರೀ, ನಿಮ್ಮನೆ ಫೋನ್ ಎತ್ತೋಕೆ ಮುಹೂರ್ತ ನೋಡ್ತೀರಾ?" ಎಂದು ಕೇಳಿದರು. ಎಲ್ಲಕ್ಕಿಂತ ದೊಡ್ಡ ಪ್ರಸಂಗ ನಡೆದದ್ದು ಬನಶಂಕರಿ ಕಡೆಯ ಒಂದು ಗಣಪತಿ ಗುಡಿಯ ಮುಂದೆ. ಸಂಜೆ ತರಕಾರಿ ಚೀಲ ಹಿಡಿದುಕೊಂಡು ಮೂವರೂ ಬರುತ್ತಿದ್ದೆವು. ಆ ಗುಡಿಗೆ ಯಾರೋ ಭಕ್ತರು ಕರೆಂಟಿನ ನಗಾರಿ ಕೊಡಿಸಿದ್ದರು. ಸ್ವಿಚ್ಚು ಹಾಕಿದರೆ ನಗಾರಿ, ಜಾಗಟೆ, ಗಂಟೆ ಮೂರೂ ತಮ್ಮಷ್ಟಕ್ಕೆ ಬಡಿದುಕೊಳ್ಳುವ ಯಂತ್ರ ಅದು. ನಾವು ಎದುರಿಗೆ ಬರುವ ಹೊತ್ತಿಗೆ ಸರಿಯಾಗಿ ಅರ್ಚಕರು ಸ್ವಿಚ್ಚು ಹಾಕಿದರು. ಚಾರು ನಿಂತಳು. ನಾವೂ ನಿಂತೆವು. ಮೂರು ಉಸಿರು ಮುಗಿಯಿತು, ಗಂಟೆ ಮುಗಿಯಲಿಲ್ಲ. ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ನಿಯಮ ನಿಯಮವೇ. ಆ ದಿನ ಸಂಕಷ್ಟಿ, ಅರ್ಚಕರು ಸ್ವಿಚ್ಚು ಆರಿಸುವ ಲಕ್ಷಣವಿರಲಿಲ್ಲ. ಫುಟ್‌ಪಾತಿನಲ್ಲಿ ಸೊಪ್ಪಿನ ಚೀಲ ಹಿಡಿದು ಕಣ್ಣು ಮುಚ್ಚಿ ನಿಂತ ಗಂಡ ಹೆಂಡತಿ ಮಗುವನ್ನು ನೋಡಿ ಒಬ್ಬ ಮುದುಕಿ ನಮ್ಮ ಕಾಲಿಗೇ ನಮಸ್ಕಾರ ಮಾಡಿ ಹೋದಳಂತೆ. ಹಾಗೆಂದು ಎದುರಿನ ಎಳನೀರಿನವನು ಆಮೇಲೆ ಹೇಳಿದ.

ಶಾಲೆಯ ಇನ್ನೊಂದು ನಿಯಮ ಹೊಗಳಿಕೆಯದು. ಮಗುವನ್ನು ಜಾಣೆ, ಭೇಷ್ ಎನ್ನಬಾರದು. ಅದು ಮಾಡಿದ್ದನ್ನು ಇದ್ದ ಹಾಗೆ ಹೇಳಬೇಕು, ಅಷ್ಟೇ. ಊಟದ ಹೊತ್ತಿನಲ್ಲಿ ನಮ್ಮ ಮನೆ ರೇಡಿಯೊ ಕಾಮೆಂಟರಿಯಂತೆ ಕೇಳಿಸುತ್ತಿತ್ತು. "ಚಾರು ಚಪಾತಿ ಮುರಿದಳು" ಎಂದು ಸುಧಾ. "ಈಗ ಪಲ್ಯಕ್ಕೆ ಅದ್ದಿದಳು" ಎಂದು ನಾನು. ಅಮ್ಮನಿಗೆ ಮಾತ್ರ ಇದು ಕೊನೆಗೂ ಬರಲಿಲ್ಲ. "ನನ್ ಬಂಗಾರಿ, ಜಾಣಮರಿ" ಎಂದುಬಿಟ್ಟು, ನಮ್ಮ ಮುಖ ನೋಡಿ, "ಚಪಾತಿಗೆ ಹೇಳ್ದೆ" ಎನ್ನುತ್ತಿದ್ದಳು.

ಶನಿವಾರ ಶನಿವಾರ ತಂದೆತಾಯಿಯರು ಶಾಲೆಯನ್ನು ಗುಡಿಸಿ ಒರೆಸಬೇಕಿತ್ತು. ಮನೆಯಲ್ಲಿ ಪೊರಕೆ ಎಲ್ಲಿರುತ್ತದೆಂದು ತಿಳಿಯದ ಗಂಡಸರು ಅಲ್ಲಿ ಕೆಂಪು ನೆಲವನ್ನು ಮಂಡಿಯೂರಿ ಒರೆಸುತ್ತಿದ್ದೆವು. ನನ್ನ ಜೊತೆಗೆ ಬಕೆಟ್ ಹಿಡಿಯುತ್ತಿದ್ದವರು ಶಿವಾನಂದ ಎಂಬುವರು. ಧಾರವಾಡದ ಕಡೆಯವರು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು, ಯಾವುದೋ ಕಂಪನಿಯ ಅಕೌಂಟ್ಸ್ ನೋಡುತ್ತಿದ್ದರು. ಅವರ ಮಗ ಸೋಮು ಚಾರುವಿನ ವಾರಿಗೆಯವನು, ಅವಳು ಆಡದ ಮಾತನ್ನೂ ಸೇರಿಸಿ ಆಡುತ್ತಿದ್ದ. "ನೋಡ್ರಿ ಸಾಹೇಬ್ರ," ಎಂದು ಶಿವಾನಂದ ನೆಲ ಒರೆಸುತ್ತ ಹೇಳುತ್ತಿದ್ದರು, "ನಮ್ಮ ಸಾಲ್ಯಾಗ ಗಂಟಿ ಹೊಡದ್ರ ನಾವು ಮನಿಗೆ ಓಡತಿದ್ವಿ. ಇಲ್ಲಿ ಗಂಟಿ ಹೊಡದ್ರ ನಿಂದರಬೇಕಂತ. ಇವ ದೊಡ್ಡಾಂವ ಆಗಿ ಆಫೀಸಿನ್ಯಾಗ ಹಿಂಗ ನಿಂತ್ರ ಯಾರು ಪಗಾರ ಕೊಡತಾರ್ರಿ?"

ಪೋಷಕರ ಸಭೆಯಲ್ಲಿ ಅವರೇ ಎದ್ದು ನಿಂತು ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿದರು. ಮಗ ಓದುವುದು ಬರೆಯುವುದು ಯಾವಾಗ ಎಂದು. ಉಷಾ ಅಕ್ಕ ಕಿಟಕಿಯಾಚೆಯ ಮರವನ್ನು ತೋರಿಸಿ, "ಮಾವಿನಕಾಯಿ ಯಾವಾಗ ಹಣ್ಣಾಗುತ್ತೆ ಅಂತ ನಾವು ಕೇಳ್ತೀವಾ?" ಎಂದರು. ಸಭೆಯೆಲ್ಲ ತಲೆದೂಗಿತು.

"ಕೇಳತೀವ್ರಿ ಅಕ್ಕಾರ" ಎಂದರು ಶಿವಾನಂದ. "ನಮ್ಮ ಕಡೆ ಬ್ಯಾಸಗಿಗೆ ಹಣ್ಣಾಗತಾವು. ಇವಂದು ಯಾವ ತಿಂಗಳು ಅನ್ನೋದು ಹೇಳಿಬಿಡ್ರಿ, ನಾ ಸುಮ್ಮ ಕುಂದರತೀನಿ."

ಅಕ್ಕ ಗಂಟೆ ಬಾರಿಸಿದರು. ಎಲ್ಲರೂ ಕಣ್ಣು ಮುಚ್ಚಿದೆವು. ಶಿವಾನಂದ ಮಾತ್ರ ಮುಚ್ಚಲಿಲ್ಲ ಎಂದು ಆಮೇಲೆ ಅವರೇ ನನಗೆ ಹೇಳಿದರು. ವರ್ಷ ಮುಗಿಯುವ ಹೊತ್ತಿಗೆ ಸೋಮುವನ್ನು ಬಿಡಿಸಿ ತಮ್ಮ ಮನೆಯ ಹತ್ತಿರದ ಶಾಲೆಗೆ ಹಾಕಿದರು. ಆಮೇಲೊಂದು ದಿನ ಸಿಕ್ಕಾಗ, "ಅ ಆ ಎಲ್ಲಾ ಬಂತ್ರಿ, ಮಗ್ಗಿನೂ ಬಂತು. ಆದ್ರ ಮೊದಲ ಮನ್ಯಾಗ ಗಿಡಕ್ಕ ನೀರು ಹಾಕತಿದ್ದ ನೋಡ್ರಿ, ಅದು ಬಿಟ್ಟಾನ" ಎಂದರು. ಲಾಭವೋ ನಷ್ಟವೋ ತಿಳಿಯದ ಮುಖ ಮಾಡಿಕೊಂಡು ನಿಂತರು. ನಾನೂ ಅದೇ ಮುಖ ಮಾಡಿಕೊಂಡೆ.

ಅಕ್ಕನವರನ್ನು ನಾನು ಗೇಲಿ ಮಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಮಾಡುತ್ತಿದ್ದೇನೆ, ಆದರೆ ಪ್ರೀತಿಯಿಂದ. ಒಂದು ದಿನ ನೀರಿನ ಟ್ಯಾಂಕರು ಹಿಂದಕ್ಕೆ ಬರುವಾಗ ಮಕ್ಕಳು ಬೆಳೆಸಿದ ಮೆಂತ್ಯಸೊಪ್ಪಿನ ಪಾತಿಯ ಮೇಲೆ ಹತ್ತಿತು. ಆಗ ಅಕ್ಕನವರ ಗಂಟಲಿನಿಂದ ಹೊರಟ ಕನ್ನಡ ಮೆಲ್ಲಗಿರಲಿಲ್ಲ, ಕೈಮಗ್ಗದ್ದೂ ಆಗಿರಲಿಲ್ಲ. ಡ್ರೈವರು ನಡುಗಿಹೋದ. ಅಕ್ಕ ಸರಕ್ಕನೆ ಒಳಗೆ ಹೋಗಿ, ತಮಗೆ ತಾವೇ ಗಂಟೆ ಬಾರಿಸಿಕೊಂಡು, ಮೂರು ಉಸಿರು ತೆಗೆದುಕೊಂಡು ಹೊರಗೆ ಬಂದು, ಅದೇ ಬೈಗುಳವನ್ನು ಮೆಲುದನಿಯಲ್ಲಿ ಮತ್ತೆ ಹೇಳಿದರು. ಅವನು ಎರಡನೇ ಸಲಕ್ಕೆ ಹೆಚ್ಚು ಹೆದರಿದ. ನನಗೆ ಆ ದಿನದಿಂದ ಅವರ ಮೇಲೆ ಗೌರವ ಹೆಚ್ಚಾಯಿತು.

ಚಾರು ಅಲ್ಲಿ ಸುಖವಾಗಿದ್ದಳು. ಬೆಳಿಗ್ಗೆ ಆಟೋ ಬರುವ ಮೊದಲೇ ಗೇಟಿನಲ್ಲಿ ನಿಂತಿರುತ್ತಿದ್ದಳು. ಆದರೆ ಮಾತು ಇಲ್ಲ. ಶಾಲೆಯ ಬೆಕ್ಕಿನ ಕಿವಿಯಲ್ಲಿ ಏನೋ ಹೇಳುತ್ತಾಳೆ, ಮಾವಿನ ಮರದ ಹತ್ತಿರ ಏನೋ ಹೇಳುತ್ತಾಳೆ ಎಂದು ಅಕ್ಕ ವರದಿ ಕೊಡುತ್ತಿದ್ದರು. "ಮನುಷ್ಯರ ಸರದಿ ಯಾವಾಗ ಅಕ್ಕಾ?" ಎಂದು ಸುಧಾ ಒಂದು ದಿನ ಕೇಳಿ ಅತ್ತುಬಿಟ್ಟಳು. ಅಕ್ಕ ಅವಳ ಕೈ ಹಿಡಿದುಕೊಂಡು ಕೂತರೇ ಹೊರತು ಮಾವಿನಹಣ್ಣಿನ ವಿಷಯ ಎತ್ತಲಿಲ್ಲ.

ಆ ಶಾಲೆ ಇದ್ದುದೇ ಆರು ವರ್ಷದ ಮಕ್ಕಳವರೆಗೆ. ಮುಂದೆ ಒಂದನೇ ಕ್ಲಾಸಿಗೆ ಬೇರೆಡೆ ಸೇರಿಸಲೇಬೇಕು. ಬನಶಂಕರಿಯಲ್ಲಿ ಒಂದು ಶಾಲೆ ಗೊತ್ತುಮಾಡಿದೆವು. ಒಳ್ಳೆಯ ಶಾಲೆ, ಆದರೆ ಪ್ರಿನ್ಸಿಪಾಲರು ಮಗುವಿನ ಹತ್ತಿರ ತಾವೇ ಮಾತಾಡಿ ನೋಡಿ ಸೇರಿಸಿಕೊಳ್ಳುತ್ತಾರೆ ಎಂದು ಹೇಳಿದರು. ತಲೆಯ ಮೇಲಿಂದ ಕೈ ಹಾಯಿಸಿ ಕಿವಿ ಮುಟ್ಟುವುದನ್ನು ಚಾರು ಸೊಗಸಾಗಿ ಮಾಡುತ್ತಿದ್ದಳು, ಆದರೆ ಅದನ್ನು ಕೇಳುವವರು ಯಾರೂ ಉಳಿದಿರಲಿಲ್ಲ. ಅವಳು ಬಾಯಿ ಬಿಡುವುದಿಲ್ಲ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ ಆ ಶಾಲೆಯ ವರಾಂಡದಲ್ಲಿ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಪ್ರತಿ ಪೀರಿಯಡ್ಡಿಗೂ ಅಟೆಂಡರು ಅದಕ್ಕೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ಇಂಟರ್‌ವ್ಯೂ ನಡುವೆ ಅದು ಬಡಿದು, ಮಾತಾಡದ ಮಗು ಕಣ್ಣನ್ನೂ ಮುಚ್ಚಿಕೊಂಡು ನಿಂತರೆ ಪ್ರಿನ್ಸಿಪಾಲರು ಏನೆಂದುಕೊಂಡಾರು.

ಹಾಗಾಗಿ ತಾಲೀಮು ಶುರುವಾಯಿತು. ಅಮ್ಮ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗೆ ಸೌಟಿನಿಂದ ಬಡಿಯುತ್ತಿದ್ದಳು. "ಇದು ಸ್ಕೂಲ್ ಗಂಟೆ. ಇದಕ್ಕೆ ನಿಲ್ಲಬಾರ್ದು" ಎಂದು ನಾನು ಹೇಳುತ್ತಿದ್ದೆ. ಆಮೇಲೆ ದೇವರ ಗಂಟೆ. "ಇದು ಮನೆ ಗಂಟೆ. ಇದಕ್ಕೆ ನಿಲ್ಲಬೇಕು." ತಟ್ಟೆ, ಗಂಟೆ, ತಟ್ಟೆ, ತಟ್ಟೆ, ಗಂಟೆ. ಮೇಲಿನ ಮನೆಯವರು ಯಾವ ವ್ರತ ಎಂದು ವಿಚಾರಿಸಿದರು. ಚಾರು ಬೇಗ ಕಲಿತಳು. ತಟ್ಟೆಯ ಸದ್ದಿಗೆ ರೆಪ್ಪೆ ಕೂಡ ಅಲುಗಿಸದೆ ನಡೆದುಹೋಗುತ್ತಿದ್ದಳು. ನನಗೆ ಸಮಾಧಾನವಾಯಿತು.

ಇಂಟರ್‌ವ್ಯೂ ದಿನ ಸುಧಾ ರೇಷ್ಮೆ ಸೀರೆ ಉಟ್ಟಳು, ನಾನು ಇಸ್ತ್ರಿ ಷರ್ಟು ಹಾಕಿದೆ. ಪ್ರಿನ್ಸಿಪಾಲರು ದಪ್ಪ ಕನ್ನಡಕದ, ವಯಸ್ಸಾದ ಹೆಂಗಸು. ಒರಟು ಮನುಷ್ಯರಲ್ಲ, ಆದರೆ ಅವಸರದವರು. ಮೇಜಿನ ಈಚೆ ನಾನು, ಸುಧಾ, ನಡುವಿನ ಕುರ್ಚಿಯಲ್ಲಿ ಕಾಲು ನೆಲಕ್ಕೆ ತಾಕದ ಚಾರು.

"ಏನಮ್ಮಾ ನಿನ್ ಹೆಸರು?"

ಚಾರು ಪೇಪರ್‌ವೆಯ್ಟ್ ನೋಡುತ್ತಿದ್ದಳು.

"ಚಾರುಲತಾ ಅಂತ ಮೇಡಂ" ಎಂದೆ.

"ಯಾವ ಬಣ್ಣ ಇಷ್ಟ ನಿಂಗೆ?"

"ಹಳದಿ ಮೇಡಂ" ಎಂದಳು ಸುಧಾ.

"ಮನೇಲಿ ಯಾರ್‌ಯಾರು ಇದ್ದೀರಾ?"

"ನಾವು ಮೂರು ಜನ, ನಮ್ಮ ತಾಯಿ, ಒಟ್ಟು ನಾಲ್ಕು" ಎಂದೆ ನಾನು. ಲೆಕ್ಕ ಸರಿಯಾಗಿ ಹೇಳಿದ್ದಕ್ಕೆ ನನಗೆ ಒಳಗೊಳಗೇ ಖುಷಿಯೂ ಆಯಿತು.

ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟರು. "ನೋಡಿ ಸಾರ್, ಮಗು ಒಂದು ಮಾತೂ ಆಡ್ತಿಲ್ಲ. ಹೀಗಿದ್ರೆ ಸೇರಿಸ್ಕೊಳ್ಳೋಕೆ ಆಗಲ್ಲ. ಇನ್ನೊಂದು ವರ್ಷ ಮನೇಲಿಟ್ಕೊಳ್ಳಿ, ಆಮೇಲೆ ನೋಡೋಣ."

ಸುಧಾಳ ಮುಖ ಬಿಳಿಚಿತು. ನಾನು ವಾದಕ್ಕೆ ಬಾಯಿ ತೆರೆದೆ. ಮನೆಯಲ್ಲಿ ಅವಳು ಎಷ್ಟು ಮಾತಾಡುತ್ತಾಳೆ, ಏನೇನು ಮಾತಾಡುತ್ತಾಳೆ, ಎಲ್ಲವನ್ನೂ ನಾನೇ ಹೇಳಿಬಿಡುವವನಿದ್ದೆ. ಅಷ್ಟರಲ್ಲಿ ವರಾಂಡದಲ್ಲಿ ಅಟೆಂಡರು ರೈಲು ಕಂಬಿಗೆ ಬಡಿದ.

ಆಗ ಆದದ್ದು ಇಷ್ಟು. ತಾಲೀಮು ಕೊಟ್ಟಿದ್ದು ಚಾರುವಿಗೆ. ನಮಗೆ ಯಾರೂ ಕೊಟ್ಟಿರಲಿಲ್ಲ. ಎರಡು ವರ್ಷದ ಅಭ್ಯಾಸ, ನಾನು ಕುರ್ಚಿಯಿಂದ ಎದ್ದು ನಿಂತು ಕಣ್ಣು ಮುಚ್ಚಿದೆ. ಪಕ್ಕದಲ್ಲಿ ರೇಷ್ಮೆ ಸೀರೆಯ ಸರಬರ ಕೇಳಿಸಿತು, ಸುಧಾಳೂ ಎದ್ದಿದ್ದಳು. ಮುಂದಿನದೆಲ್ಲ ನಾನು ಕಂಡದ್ದಲ್ಲ, ಕತ್ತಲಲ್ಲಿ ಕೇಳಿದ್ದು.

"ಸಾರ್? ಮೇಡಂ? ಏನಾಯ್ತು?" ಎಂದರು ಪ್ರಿನ್ಸಿಪಾಲರು.

ನಾನು ಮೊದಲನೇ ಉಸಿರಿನಲ್ಲಿದ್ದೆ.

"ಅವ್ರು ಈಗ ಮಾತಾಡಲ್ಲ."

ಆ ದನಿಯನ್ನು ನಾನು ದಿನವೂ ಕೇಳುತ್ತಿದ್ದೆ, ಆದರೆ ಹೊರಗಿನವರ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ. ಉಸಿರು ಅರ್ಧಕ್ಕೆ ನಿಂತಿತು.

"ಯಾಕಮ್ಮಾ ಮಾತಾಡಲ್ಲ?"

"ಗಂಟೆ ಹೊಡೀತಲ್ಲ, ಅದಕ್ಕೆ. ಮೂರು ಉಸಿರು ಆಗೋವರ್ಗೂ ಮಾತಾಡಬಾರ್ದು."

"ಮತ್ತೆ ನೀನು ಕಣ್ಣು ಮುಚ್ಚಿಲ್ಲ?"

"ಇದು ಸ್ಕೂಲ್ ಗಂಟೆ. ಇದಕ್ಕೆ ನಿಲ್ಲಬಾರ್ದು ಅಂತ ಅಪ್ಪಾನೇ ಹೇಳ್ಕೊಟ್ರು. ಅಪ್ಪಂಗೆ ಮರ್ತೋಗಿದೆ."

ಪ್ರಿನ್ಸಿಪಾಲರ ಕುರ್ಚಿ ಕಿರ್ರೆಂದಿತು, ಮುಂದಕ್ಕೆ ಬಾಗಿದರೆಂದು ಕಾಣುತ್ತದೆ. ನನ್ನ ಮೂರನೇ ಉಸಿರು ಮುಗಿದಿತ್ತು. ಕಣ್ಣು ತೆರೆದು, ಮೇಡಂ, ಅದು ಏನಂದ್ರೆ, ಎಂದು ವಿವರಿಸುವವನಿದ್ದೆ. ಸುಧಾಳ ಕೈ ಬಂದು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಮದುವೆಯಾದ ಮೇಲೆ ಅವಳು ಅಷ್ಟು ಬಿಗಿಯಾಗಿ ನನ್ನ ಕೈ ಹಿಡಿದಿದ್ದು ನೆನಪಿಲ್ಲ. ನಾನು ಕಣ್ಣು ತೆರೆಯಲಿಲ್ಲ. ನಾಲ್ಕನೇ ಉಸಿರು ಎಳೆದೆ. ಐದನೆಯದು ಎಳೆದೆ. ಆಮೇಲೆ ಎಣಿಸಲಿಲ್ಲ.

ಚಾರು ಹೇಳುತ್ತಿದ್ದಳು. ಅಜ್ಜಿ ಗಂಟೆ ಬಾರಿಸಿ ಚಾನೆಲ್ ಬದಲಾಯಿಸುವುದು, ಗಂಟೆಯ ಹನುಮಂತನಿಗೆ ಮೂಗಿಲ್ಲದಿರುವುದು, ಉಷಾ ಅಕ್ಕನ ಬೆಕ್ಕು ಮರಿ ಹಾಕಿದ್ದು, ಗಣಪತಿ ಗುಡಿಯ ಮುಂದೆ ನಿಂತು ನಿಂತು ಅಪ್ಪನ ಚೀಲದ ಸೊಪ್ಪು ಬಾಡಿಹೋದದ್ದು. ಪ್ರಿನ್ಸಿಪಾಲರು ನಡುನಡುವೆ ನಗುತ್ತಿದ್ದರು. ನನ್ನ ಮುಚ್ಚಿದ ಕಣ್ಣಿನಿಂದ ನೀರಿಳಿದು ಇಸ್ತ್ರಿ ಷರ್ಟಿನ ಕಾಲರು ಒದ್ದೆಯಾಯಿತು. ಸಂತೋಷ ಎಂದರೆ ಸಂತೋಷವೇ, ಆದರೆ ಅದರೊಳಗೆ ಒಂದಿಷ್ಟು ನಾಚಿಕೆಯೂ ಇತ್ತು.

"ಅಲ್ಲಮ್ಮಾ, ಮೂರು ಉಸಿರು ಆಗಿ ತುಂಬಾ ಹೊತ್ತಾಯ್ತಲ್ಲ? ಇವರು ಯಾವಾಗ ಕಣ್ಣು ಬಿಡ್ತಾರೆ?" ಎಂದು ಪ್ರಿನ್ಸಿಪಾಲರು ಕೇಳಿದರು.



"ಬಿಡ್ತಾರೆ" ಎಂದಳು ಚಾರು. "ಬಿಟ್ಮೇಲೆ ಮತ್ತೆ ಅವ್ರೇ ಮಾತಾಡ್ತಾರೆ."



"ಹಾಗಾದ್ರೆ ಇರ್ಲಿ ಬಿಡು, ನಿಂತಿರ್ಲಿ" ಎಂದರು ಪ್ರಿನ್ಸಿಪಾಲರು. "ಬೆಕ್ಕಿನ ಮರಿ ಎಷ್ಟು ಅಂತ ಹೇಳ್ಲೇ ಇಲ್ವಲ್ಲ ನೀನು."

ಸೀಟು ಸಿಕ್ಕಿತು. ಆಟೋದಲ್ಲಿ ಮನೆಗೆ ಬರುವಾಗ ಸುಧಾಳೂ ನಾನೂ ಮಾತಾಡಲಿಲ್ಲ. ಚಾರು ಡ್ರೈವರಿಗೆ ದಾರಿ ಹೇಳಿದಳು, ತಪ್ಪು ದಾರಿ. ಅವನು ನನ್ನ ಮುಖ ನೋಡಿದ. ನಾನು ಸುಮ್ಮನೆ ಕೂತೆ, ಸುಮಾರು ಹೊತ್ತು ಸುತ್ತಿ ಬಂದೆವು.

ಅಮ್ಮ ಗೇಟಿನಲ್ಲೇ ಕಾಯುತ್ತಿದ್ದಳು. ಪಕ್ಕದ ಮನೆಯವರೂ ಬಂದು ನಿಂತಿದ್ದರು. "ಏನಾಯ್ತೋ? ಏನ್ ಕೇಳಿದ್ರು? ಏನ್ ಹೇಳಿದ್ಲು?" ಎಂದು ಅಮ್ಮ ನನ್ನನ್ನು ಕೇಳಿದಳು. ಗಂಟೆ ಒಳಗೆ ದೇವರ ಮುಂದೆ ಇತ್ತು, ಯಾರೂ ಮುಟ್ಟಿರಲಿಲ್ಲ. ನಾನು ಚಾರುವನ್ನು ಮುಂದೆ ಬಿಟ್ಟು, ಗೇಟು ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತೆ.